ಕೀಲು ನೋವಿನ ಫೈಲಿನಲ್ಲಿ ಹೃದಯದ ಪುಟ ಯಾಕಿಲ್ಲ?

ತಿಂಗಳಿಗೊಮ್ಮೆ ಬರುತ್ತಿದ್ದ ಆ ತಾಯಿ ಕೌಂಟರಿನ ಹತ್ತಿರ ಬಂದವರೇ ಸೆರಗಿನ ತುದಿಯನ್ನು ನನ್ನ ಕಡೆ ಚಾಚುತ್ತಿದ್ದರು. ತುದಿಯಲ್ಲೊಂದು ಗಂಟು. ಅದರೊಳಗೆ ಮಡಚಿದ ನೋಟು, ಜೊತೆಗೆ ಮುಗಿದ ಗುಳಿಗೆಯ ಖಾಲಿ ಪಟ್ಟಿ. "ತಮ್ಮಾ, ನೀನ ಬಿಚ್ಚಪಾ, ನನ್ನ ಕೈಲೆ ಆಗೂದಿಲ್ಲ" ಅನ್ನುವರು. ಬೆರಳಿನ ಬುಡದ ಗೆಣ್ಣುಗಳು ಬಾತು, ನಾಲ್ಕೂ ಬೆರಳು ಕಿರುಬೆರಳಿನ ಕಡೆಗೆ ವಾಲಿದ್ದವು. ಗುಳೇದಗುಡ್ಡದ ನೇಕಾರರ ಮನೆಯವರು. ವರ್ಷಗಟ್ಟಲೆ ಕುಣಿಮಗ್ಗದಲ್ಲಿ ಖಣ ನೇಯ್ದ ಕೈ ಅದು. ಗಂಟು ಹಾಕಿ ಕಳಿಸುವವಳು ಮಗಳು, ಬಿಚ್ಚುವವನು ನಾನು.

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಮೆಡಿಕಲ್ ಅಂಗಡಿ. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಅವರು ಬಂದಾಗ ಎಡಭುಜ ಸೆಳೆಯುತ್ತಿದೆ, ಮೈ ಬೆವರುತ್ತಿದೆ, ಸುಸ್ತು ಅಂದರು. ನಮ್ಮೂರ ಮೇ ತಿಂಗಳಲ್ಲಿ ಬೆವರದವರು ಯಾರು? ಭುಜವಂತೂ ಅವರ ಹಳೆಯ ಕೀಲುರೋಗದ, ಅಂದರೆ ರುಮಟಾಯ್ಡ್ ಸಂಧಿವಾತದ, ಹಳೆಯ ಜಾಗ. ಡಾಕ್ಟರ ಚೀಟಿ ಕೇಳದೆ ಎಟೊರಿಕಾಕ್ಸಿಬ್ ಎಂಬ ನೋವಿನ ಗುಳಿಗೆಯ ಒಂದು ಪಟ್ಟಿ ಕೊಟ್ಟು ಕಳಿಸಿದೆ. ಮೂರನೆಯ ರಾತ್ರಿ ಉಸಿರು ಕಟ್ಟಿ ಆಸ್ಪತ್ರೆ ಸೇರಿದರು. ಇಸಿಜಿ ನೋಡಿದ ಡಾಕ್ಟರು, ಅಟ್ಯಾಕ್ ಆಗಿಯೇ ಎರಡು-ಮೂರು ದಿನ ಆಗಿದೆ ಅಂದರಂತೆ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಹೊತ್ತು ಮೀರಿತ್ತು. ಜೀವ ಉಳಿಯಿತು, ಹೃದಯದ ಪಂಪು ಸೋತಿತು.

ಆಮೇಲೊಂದು ದಿನ ಮಗ ಅವರ ಫೈಲು ತಂದು ಕೌಂಟರಿನ ಮೇಲೆ ಹರವಿದ. ಒಂಬತ್ತು ವರ್ಷದ ಕಾಗದಗಳು. ಕೈಯ ಎಕ್ಸ್‌ರೇ ನಾಲ್ಕು, ಉರಿಯೂತ ಅಳೆಯುವ ಇಎಸ್‌ಆರ್ ಹನ್ನೆರಡು ಸಲ, ಸಂಧಿವಾತ ಪತ್ತೆಯ ಆರ್‌ಎ ಫ್ಯಾಕ್ಟರ್ ಮೂರು ಸಲ. ಬಿಪಿ ಬರೆದ ಚೀಟಿ ಎರಡೇ ಎರಡು. ಕೊಲೆಸ್ಟರಾಲ್ ರಿಪೋರ್ಟು ಒಂದೂ ಇಲ್ಲ. ನಾಲ್ಕು ಡಾಕ್ಟರು ಬರೆದ ಚೀಟಿಗಳಿದ್ದವು; ಎಲ್ಲರೂ ಕೈ ನೋಡಿದ್ದರು, ಮೊಣಕಾಲು ನೋಡಿದ್ದರು. ನಾನೂ ಅಷ್ಟೇ ಮಾಡಿದ್ದು. ಆ ಫೈಲು ನೋಡಿದ ಮೇಲೆ ಓದಲು ಕೂತೆ. ಓದಿದ್ದು ಮತ್ತು ಕೌಂಟರಿನ ಈಚೆ ನಿಂತು ಕಂಡದ್ದು ಎರಡೂ ಸೇರಿ ಈ ಬರಹ ಆಗಿದೆ.

ನಮ್ಮ ಕಡೆ ಎಲ್ಲ ಕೀಲುನೋವಿಗೂ ಒಂದೇ ಹೆಸರು, ವಾಯು. ಇಲ್ಲವಾದರೆ "ಚಿಕೂನ್‌ಗುನ್ಯಾ ಆದಾಗಿಂದ ಹಿಡದೈತ್ರಿ." 2006ರ ಹಾವಳಿಯಲ್ಲಿ ಹಾಸಿಗೆ ಹಿಡಿದವರು ಇಂದಿಗೂ ಪ್ರತಿ ನೋವನ್ನೂ ಅದರ ಲೆಕ್ಕಕ್ಕೇ ಬರೆಯುತ್ತಾರೆ. ಆದರೆ ವಯಸ್ಸಾಗಿ ಮೊಣಕಾಲು ಸವೆಯುವುದು ಒಂದು ರೋಗ, ರುಮಟಾಯ್ಡ್ ಸಂಧಿವಾತ ಇನ್ನೊಂದು. ಸವೆತದ ನೋವು ನಡೆದಷ್ಟೂ ಹೆಚ್ಚುತ್ತದೆ, ಕೂತರೆ ಇಳಿಯುತ್ತದೆ. ರುಮಟಾಯ್ಡ್ ಉಲ್ಟಾ. ಬೆಳಿಗ್ಗೆ ಎದ್ದಾಗಲೇ ಕೈ ಬಿಗಿದಿರುತ್ತದೆ, ಒಂದು ತಾಸು ಕಳೆದರೂ ಮುಷ್ಟಿ ಕಟ್ಟಲು ಬರುವುದಿಲ್ಲ. ನಮ್ಮ ಹೆಣ್ಣುಮಕ್ಕಳ ಮಟ್ಟಿಗೆ ಇದನ್ನು ಪತ್ತೆ ಮಾಡುವ ಸುಲಭ ಪ್ರಶ್ನೆ ಒಂದಿದೆ: ಮುಂಜಾನೆ ರೊಟ್ಟಿ ಬಡಿಯಲು ಆಗುತ್ತದೆಯೇ? ಜೋಳದ ಹಿಟ್ಟು ನಾದಲು ಅಂಗೈ ಬೇಕು, ಬಡಿಯಲು ಬೆರಳಿನ ಬುಡ ಬೇಕು. ಈ ರೋಗ ಮೊದಲು ಹಿಡಿಯುವುದು ಅದೇ ಗೆಣ್ಣುಗಳನ್ನು, ಅದೂ ಎರಡೂ ಕೈಯಲ್ಲಿ ಒಟ್ಟಿಗೆ. "ಮುಂಜಾನೆ ಆಗೂದಿಲ್ರಿ, ಹನ್ನೊಂದರ ಮ್ಯಾಲೆ ಆಗ್ತೈತಿ" ಎಂದು ಯಾರಾದರೂ ಹೇಳಿದರೆ ಅದು ಸವೆತ ಇರುವ ಸಂಭವ ಕಡಿಮೆ.

ದೇಹವನ್ನು ಕಾಯಬೇಕಾದ ರೋಗನಿರೋಧಕ ಪಡೆಯೇ ತಿರುಗಿ ಕೀಲಿನ ಒಳಪೊರೆಯ ಮೇಲೆ ಬೀಳುವ ರೋಗ ಇದು. ನೂರು ಜನರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ, ಗಂಡಸರಿಗಿಂತ ಹೆಂಗಸರಿಗೆ ಎರಡು-ಮೂರು ಪಟ್ಟು ಹೆಚ್ಚು. ಕೀಲು ಅದರ ಕಣ್ಣಿಗೆ ಕಾಣುವ ಮುಖ ಮಾತ್ರ. ಅಲ್ಲಿ ಉರಿ ಎಬ್ಬಿಸುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕಗಳು ಗೆಣ್ಣಿನಲ್ಲೇ ಕೂತಿರುವುದಿಲ್ಲ, ರಕ್ತದಲ್ಲಿ ಊರೆಲ್ಲ ಸುತ್ತುತ್ತವೆ. ರಕ್ತನಾಳದ ಒಳಗೋಡೆ ನುಣುಪು ಕಳೆದುಕೊಳ್ಳುತ್ತದೆ, ಗೋಡೆಯೊಳಗೆ ಕೊಬ್ಬು ಕೂರುತ್ತದೆ. ಕೂತ ಕೊಬ್ಬಿನ ಮೇಲಿನ ಪೊರೆ ತೆಳುವಾಗಿ, ಒಂದು ದಿನ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದೇ ಹೃದಯಾಘಾತ, ಮೆದುಳಿನ ನಾಳದಲ್ಲಾದರೆ ಲಕ್ವ. ಹೃದಯರೋಗ ಎಂದರೆ ಎಣ್ಣೆ ತಿಂದು ನಾಳ ಕಟ್ಟುವುದು ಎಂಬ ನಮ್ಮ ಕಲ್ಪನೆ ಅರ್ಧ ಮಾತ್ರ ನಿಜ. ಉಳಿದರ್ಧ ಉರಿಯೂತ. ಈ ರೋಗಿಗಳ ಮೈಯಲ್ಲಿ ಆ ಉರಿ ಹಗಲೂ ರಾತ್ರಿ ಇರುತ್ತದೆ.

ಇಲ್ಲೊಂದು ಗೊಂದಲ ಬಿಡಿಸಿ ಮುಂದೆ ಹೋಗುತ್ತೇನೆ. ಹೆಸರು ಒಂದೇ ಥರ ಕೇಳುವುದರಿಂದ ಜನ ಇದನ್ನು ರುಮ್ಯಾಟಿಕ್ ಹಾರ್ಟ್ ಜೊತೆ ಕಲಸುತ್ತಾರೆ. ಅದು ಮಕ್ಕಳಿಗೆ ಗಂಟಲುಬೇನೆ ಬಂದ ಮೇಲೆ ಹೃದಯದ ಕವಾಟ ಕೆಡಿಸುವ ರೋಗ. ಮೂರು-ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಅದಕ್ಕೆ. ಇದು ಅದಲ್ಲ. ಇಲ್ಲಿ ಮುಖ್ಯವಾಗಿ ಕೆಡುವುದು ರಕ್ತನಾಳ.

ಎಷ್ಟು ಹೆಚ್ಚು ಅಪಾಯ?

24 ಅಧ್ಯಯನಗಳ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳ ಲೆಕ್ಕವನ್ನು 2008ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಉಳಿದವರಿಗಿಂತ ಈ ರೋಗಿಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾವು 50 ಶೇಕಡಾ ಹೆಚ್ಚಿತ್ತು. ನೆದರ್ಲೆಂಡ್ಸ್ ಮತ್ತು ಡೆನ್ಮಾರ್ಕಿನ ಅಧ್ಯಯನಗಳು ಇನ್ನೊಂದು ಹೋಲಿಕೆ ಕೊಟ್ಟವು: ರುಮಟಾಯ್ಡ್ ಇದ್ದವರ ಹೃದಯದ ಅಪಾಯ ಸಕ್ಕರೆ ಕಾಯಿಲೆ ಇದ್ದವರಷ್ಟೇ ಇದೆ. ನನ್ನ ಮಟ್ಟಿಗೆ ಕಣ್ಣು ತೆರೆಸಿದ್ದು ಈ ಎರಡನೆಯ ಮಾತು. ನಮ್ಮೂರಲ್ಲಿ ಶುಗರ್ ಇದೆ ಎಂದರೆ ಡಾಕ್ಟರು, ಮನೆಯವರು, ಪಕ್ಕದ ಮನೆಯವರು ಎಲ್ಲರೂ ಹೃದಯ, ಕಿಡ್ನಿ, ಕಣ್ಣಿನ ಮಾತು ಎತ್ತುತ್ತಾರೆ. ಅಷ್ಟೇ ಅಪಾಯದ ಕೀಲುರೋಗಿಗೆ ಸಿಗುವುದು "ಬಿಸಿನೀರಾಗ ಕೈ ಅದ್ದರಿ" ಎಂಬ ಸಲಹೆ.

ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ ಒಂದು ಸರಳ ಲೆಕ್ಕ ಹೇಳಿದೆ. ವಯಸ್ಸು, ಬಿಪಿ, ತಂಬಾಕು, ಕೊಲೆಸ್ಟರಾಲ್ ಹಾಕಿ ಮುಂದಿನ ಹತ್ತು ವರ್ಷದ ಹೃದಯದ ಅಪಾಯ ಹೇಳುವ ಕೋಷ್ಟಕಗಳಿವೆಯಲ್ಲ, ರುಮಟಾಯ್ಡ್ ಇದ್ದರೆ ಅದರ ಉತ್ತರವನ್ನು 1.5ರಿಂದ ಗುಣಿಸಿ ಎಂದು. 52 ವರ್ಷದ ಹೆಂಗಸಿಗೆ ಕೋಷ್ಟಕ 8 ಶೇಕಡಾ ಎಂದು ತೋರಿಸಿತೆನ್ನಿ. "ಪರವಾಗಿಲ್ಲ, ಊಟ ನೋಡಿಕೊಳ್ಳಿ" ಎಂದು ಕಳಿಸುವ ಅಂಕಿ ಅದು. ಗುಣಿಸಿದರೆ 12. ಬ್ರಿಟನ್ನಿನಲ್ಲಿ 10 ದಾಟಿದರೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆಯ ಮಾತು ಶುರುವಾಗುತ್ತದೆ. ಅಲ್ಲಿಯ ಕ್ಯೂ-ರಿಸ್ಕ್ ಕೋಷ್ಟಕದಲ್ಲಿ ಈ ರೋಗಕ್ಕೆ ಒಂದು ಖಾನೆಯೇ ಇದೆ, ಹಾಗಾಗಿ ಅದನ್ನು ಬಳಸುವವರು ಮತ್ತೆ ಗುಣಿಸಬೇಕಿಲ್ಲ. ಅಮೆರಿಕದ 2018ರ ಮಾರ್ಗಸೂಚಿಯೂ ಅಪಾಯ ಹೆಚ್ಚಿಸುವ ಸಂಗತಿಗಳ ಪಟ್ಟಿಯಲ್ಲಿ ರುಮಟಾಯ್ಡ್ ಹೆಸರನ್ನು ಹೇಳಿದೆ.

ಹೆದರಿಸಲು ಇದನ್ನು ಬರೆಯುತ್ತಿಲ್ಲ. ಒಂದೂವರೆ ಪಟ್ಟು ಎಂದರೆ ಎಲ್ಲರಿಗೂ ಅಟ್ಯಾಕ್ ಆಗುತ್ತದೆ ಎಂದಲ್ಲ. ಮೂವತ್ತು ವರ್ಷದ, ತಂಬಾಕು ಮುಟ್ಟದ ಹುಡುಗಿಗೆ ಒಂದೂವರೆ ಪಟ್ಟು ಎಂದರೂ ಅದು ತೀರಾ ಸಣ್ಣ ಅಂಕಿಯೇ. ಆದರೆ ದಕ್ಷಿಣ ಏಷ್ಯಾದವರಿಗೆ ಹೃದಯಾಘಾತ ಬರುವ ಸರಾಸರಿ ವಯಸ್ಸೇ ಬೇರೆಯವರಿಗಿಂತ ಮೊದಲು. ಅದರ ಮೇಲೆ ಇದು ಕೂಡುತ್ತದೆ.

ನನ್ನ ಗಿರಾಕಿಗೆ ಎದೆನೋವು ಬರಲೇ ಇಲ್ಲ. ಅದು ಅವರೊಬ್ಬರ ವಿಚಿತ್ರ ಎಂದು ಮೊದಲು ಅಂದುಕೊಂಡಿದ್ದೆ. ಅಮೆರಿಕದ ರೋಚೆಸ್ಟರ್‌ನಲ್ಲಿ ಈ ರೋಗಿಗಳ ದಾಖಲೆಗಳನ್ನು ದಶಕಗಟ್ಟಲೆ ಹಿಂಬಾಲಿಸಿದವರು 2005ರಲ್ಲಿ ಹೇಳಿದ್ದು ಅದನ್ನೇ: ಇವರು ಎದೆನೋವು ಎಂದು ಹೇಳಿಕೊಳ್ಳುವುದು ಕಡಿಮೆ, ಯಾರಿಗೂ ಗೊತ್ತಾಗದೆ ಆಗಿಹೋದ ಹೃದಯಾಘಾತ ಹೆಚ್ಚು, ಹಠಾತ್ ಸಾವೂ ಹೆಚ್ಚು. ಯಾಕಿರಬಹುದು ಎಂದು ಯೋಚಿಸಿದರೆ ಬಹಳ ದೂರ ಹೋಗಬೇಕಾಗಿಲ್ಲ. ನಾಳ ಅರ್ಧ ಕಟ್ಟಿದವರಿಗೆ ಎದೆ ಹಿಡಿದುಕೊಳ್ಳುವುದು ಏರು ಹತ್ತಿದಾಗ, ಬಿರುಸಾಗಿ ನಡೆದಾಗ. ಮೊಣಕಾಲೇ ಬಾರದವರು ಏರು ಹತ್ತುವುದಿಲ್ಲ. ಬಾದಾಮಿಯ ಗುಹೆಗಳ ಮೆಟ್ಟಿಲ ಮೇಲೆ ಗಂಡ ಏದುಸಿರು ಬಿಡುತ್ತಾನೆ, ಅವನ ರೋಗ ಅಲ್ಲೇ ಬಯಲಾಗುತ್ತದೆ; ಹೆಂಡತಿ ಕೆಳಗೆ ಕಟ್ಟೆಯ ಮೇಲೆ ಕೂತಿರುತ್ತಾಳೆ. ಅವಳ ಹೃದಯಕ್ಕೆ ಎಚ್ಚರಿಕೆ ಕೊಡುವ ಅವಕಾಶವೇ ಇಲ್ಲ.

ಇನ್ನೊಂದು, ಭುಜ-ಕುತ್ತಿಗೆ-ದವಡೆಯ ನೋವು. ಹೃದಯದ ನೋವು ಹರಿದು ಹೋಗುವ ಜಾಗಗಳೂ ಇವೇ, ಈ ರೋಗ ಕಾಡುವ ಜಾಗಗಳೂ ಇವೇ. ಹೊಸ ನೋವನ್ನು ಹಳೆಯ ನೋವಿನ ಖಾತೆಗೆ ಹಾಕುವುದು ಸುಲಭ. ಉಳಿದದ್ದಕ್ಕೆ "ಗ್ಯಾಸ್" ಇದೆ. ಕೌಂಟರಿನಲ್ಲಿ ಎದೆಯುರಿಯ ಪುಡಿ ಕೇಳಿ ಅಲ್ಲೇ ನೀರಿಗೆ ಹಾಕಿ ಕುಡಿಯುವವರಲ್ಲಿ ಎಷ್ಟು ಜನರಿಗೆ ನಿಜವಾಗಿ ಗ್ಯಾಸ್ ಇತ್ತೋ ದೇವರಿಗೇ ಗೊತ್ತು. ಹಳೆಯ ಭುಜನೋವು ಕೈ ಎತ್ತಿದರೆ, ತಿರುಗಿಸಿದರೆ ಹೆಚ್ಚುತ್ತದೆ. ಕೈ ಅಲ್ಲಾಡಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ ಇರುವ ಭುಜನೋವು, ಜೊತೆಗೆ ಬೆವರು, ದಮ್ಮು, ಹೊಟ್ಟೆ ತೊಳಸುವುದು ಇದ್ದರೆ ಅದಕ್ಕೆ ಬೇಕಾದದ್ದು ಇಸಿಜಿ. ನಾನು ಕೊಟ್ಟದ್ದು ನೋವಿನ ಗುಳಿಗೆ.

ಇಸಿಜಿ ನಾರ್ಮಲ್ ಬಂದರೂ ಮುಗಿಯುವುದಿಲ್ಲ; ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿಗೆ ನಾಳದ ಅಡಚಣೆ ಕಾಣದೇ ಹೋಗಬಹುದು. ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡೋಣ ಎಂದರೆ ಈ ಕಾಲಿನಲ್ಲಿ ಓಡುವವರು ಯಾರು? ಔಷಧ ಕೊಟ್ಟು ಹೃದಯವನ್ನು ಓಡಿಸಿ ನೋಡುವ ಎಕೋ ಪರೀಕ್ಷೆ, ಸಿಟಿ ಆಂಜಿಯೋಗ್ರಾಂ ಇವೆ. "ನಡೆಯಲು ಆಗುವುದಿಲ್ಲ, ಟ್ರೆಡ್‌ಮಿಲ್ ಪರೀಕ್ಷೆ ಬೇಡ" ಎಂದು ಬರೆದು ಕೈಬಿಟ್ಟರೆ, ಬೇರೆ ದಾರಿ ಯಾವುದು ಎಂದು ಕೇಳುವ ಹಕ್ಕು ರೋಗಿಗಿದೆ.

ಚೆಂದದ ರಿಪೋರ್ಟಿನ ಮೋಸ

ಅಟ್ಯಾಕ್ ಆದ ಮೇಲೆ ಮೊದಲ ಸಲ ಅವರ ಕೊಲೆಸ್ಟರಾಲ್ ತೆಗೆಸಿದಾಗ 158 ಬಂತು. "ಇಷ್ಟ ಕಡಿಮಿ ಐತಿ, ಅಟ್ಯಾಕ್ ಹೆಂಗ ಆತ್ರಿ?" ಎಂದು ಮಗ ನನ್ನನ್ನೇ ಕೇಳಿದ. ಆಗ ನನಗೂ ಉತ್ತರ ಗೊತ್ತಿರಲಿಲ್ಲ.

ಉರಿಯೂತ ಜೋರಾಗಿದ್ದಾಗ ರಕ್ತದ ಕೊಲೆಸ್ಟರಾಲ್ ಏರುವ ಬದಲು ಇಳಿಯುತ್ತದೆ. ಕೀಲು ಕೆಂಡದಂತಿರುವ ದಿನಗಳಲ್ಲಿ ಕೆಟ್ಟದ್ದು ಎನ್ನುವ ಎಲ್‌ಡಿಎಲ್ ಕೂಡ ಕಡಿಮೆ, ಒಳ್ಳೆಯದು ಎನ್ನುವ ಎಚ್‌ಡಿಎಲ್ ಕೂಡ ಕಡಿಮೆ. ಉಳಿದ ಎಚ್‌ಡಿಎಲ್ ತನ್ನ ಕೆಲಸವನ್ನೂ ಸರಿಯಾಗಿ ಮಾಡುವುದಿಲ್ಲ. ರಿಪೋರ್ಟಿನಲ್ಲಿ ಅಂಕಿ ಚೆಂದ ಇರುತ್ತದೆ, ಅಪಾಯ ಮಾತ್ರ ಹೆಚ್ಚಿರುತ್ತದೆ. ಇದನ್ನು ಲಿಪಿಡ್ (ರಕ್ತದ ಕೊಬ್ಬಿನ) ವಿರೋಧಾಭಾಸ ಎನ್ನುತ್ತಾರೆ. ಚಿಕಿತ್ಸೆ ಹಿಡಿದು ಕೀಲಿನ ಬಾವು ಇಳಿದ ಮೇಲೆ ಅಂಕಿ ಏರುತ್ತದೆ. ಅದನ್ನು ಕಂಡು "ಈ ಔಷಧದಿಂದ ಕೊಲೆಸ್ಟರಾಲ್ ಬಂತು" ಎಂದು ಗುಳಿಗೆ ಬಿಟ್ಟವರನ್ನು ಕಂಡಿದ್ದೇನೆ. ಅದಕ್ಕೇ, ಕೊಲೆಸ್ಟರಾಲ್ ಅಳೆಯುವುದಾದರೆ ರೋಗ ಹತೋಟಿಯಲ್ಲಿದ್ದಾಗ ಅಳೆಯಿರಿ, ಒಟ್ಟು ಕೊಲೆಸ್ಟರಾಲನ್ನು ಎಚ್‌ಡಿಎಲ್‌ನಿಂದ ಭಾಗಿಸಿದ ಅಂಕಿಯನ್ನು ನೋಡಿರಿ ಎನ್ನುತ್ತದೆ ಯುರೋಪಿನ ಮಾರ್ಗಸೂಚಿ. ಹೃದಯದ ಅಪಾಯವನ್ನು ಐದು ವರ್ಷಕ್ಕೊಮ್ಮೆಯಾದರೂ ಲೆಕ್ಕ ಹಾಕಿ ಎನ್ನುವುದೂ ಅದೇ.

ತೂಕದ ವಿಷಯದಲ್ಲೂ ಇಂಥದೇ ಮೋಸ. "ಕಡ್ಡಿ ಇದ್ದಂಗ ಅದಾಳ, ಆಕಿಗೆಂಥಾ ಹಾರ್ಟ್ ಅಟ್ಯಾಕ್" ಎನ್ನುತ್ತೇವೆ. ಈ ರೋಗ ಸ್ನಾಯುವನ್ನು ತಿನ್ನುತ್ತದೆ. ಸಣಕಲಾಗುವುದು ಇಲ್ಲಿ ರೋಗ ಹತೋಟಿ ತಪ್ಪಿದ ಗುರುತಾಗಿರಬಹುದು, ಅದು ಹೃದಯಕ್ಕೆ ಒಳ್ಳೆಯದಲ್ಲ.

ಈಗ ನನ್ನ ಕೌಂಟರಿಗೆ ಬರುತ್ತೇನೆ, ಇದರ ಬಗ್ಗೆ ಹೇಳಲು ನನಗೆ ಹೆಚ್ಚಿದೆ.

ಕೀಲುನೋವಿಗೆ ಜನ ಕೊಳ್ಳುವುದು ಮೂರು ಥರ. ಒಂದು, ನೋವಿನ ಗುಳಿಗೆ: ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ಎಟೊರಿಕಾಕ್ಸಿಬ್. ಎರಡು, ಸ್ಟೀರಾಯ್ಡ್. ಮೂರು, ರೋಗವನ್ನೇ ಹಿಡಿದು ನಿಲ್ಲಿಸುವ ಮೆಥೋಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್‌ನಂಥವು. ನನ್ನ ಅಂಗಡಿಯಲ್ಲಿ ಮೊದಲನೆಯದು ಬುಟ್ಟಿಗಟ್ಟಲೆ ಹೋಗುತ್ತದೆ, ಮೂರನೆಯದು ಬೆರಳೆಣಿಕೆ. ಹೃದಯದ ಲೆಕ್ಕದಲ್ಲಿ ಇದು ತಲೆಕೆಳಗು.

ನೋವಿನ ಗುಳಿಗೆಗಳ ಮೇಲಿನ ಅನುಮಾನ ದೊಡ್ಡದಾಗಿದ್ದು 2004ರಲ್ಲಿ, ರೋಫೆಕಾಕ್ಸಿಬ್ ಎಂಬ ಗುಳಿಗೆ ಹೃದಯಾಘಾತ ಹೆಚ್ಚಿಸುತ್ತದೆಂದು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ವಾಪಸಾದಾಗ. 2013ರಲ್ಲಿ ನೂರಾರು ಪ್ರಯೋಗಗಳನ್ನು ಕೂಡಿಸಿ ನೋಡಿದ ಲೆಕ್ಕ ಹೀಗಿದೆ: ಡೈಕ್ಲೋಫೆನಾಕ್ ಅಥವಾ ಎಟೊರಿಕಾಕ್ಸಿಬ್‌ನಂಥ ಕಾಕ್ಸಿಬ್ ಗುಂಪಿನ ಗುಳಿಗೆಯನ್ನು ಹೆಚ್ಚಿನ ಪ್ರಮಾಣದಲ್ಲಿ 1,000 ಜನ ಒಂದು ವರ್ಷ ನುಂಗಿದರೆ ಹೃದಯಾಘಾತ, ಲಕ್ವದಂಥ ಘಟನೆಗಳು 3 ಹೆಚ್ಚಾಗುತ್ತವೆ, ಅದರಲ್ಲಿ ಒಂದು ಸಾವು. ಸಾವಿರಕ್ಕೆ ಮೂರು ಕಡಿಮೆ ಅನಿಸಬಹುದು. ಆದರೆ ಅದು ಒಂದು ವರ್ಷದ ಲೆಕ್ಕ. ನಮ್ಮವರು ಹತ್ತು ವರ್ಷ ನುಂಗುತ್ತಾರೆ, ಅದೂ ಮೊದಲೇ ಒಂದೂವರೆ ಪಟ್ಟು ಅಪಾಯ ಇಟ್ಟುಕೊಂಡು. ಹೃದಯಾಘಾತವಲ್ಲದೆ ಇವು ಮೈಯಲ್ಲಿ ಉಪ್ಪು-ನೀರು ಹಿಡಿದಿಡುತ್ತವೆ, ಬಿಪಿ ಏರಿಸುತ್ತವೆ, ಬಿಪಿ ಗುಳಿಗೆಯ ಬಲ ಕುಗ್ಗಿಸುತ್ತವೆ. "ಬಿಪಿ ಗುಳಿಗಿ ತಗೊಂಡ್ರೂ ಇಳೀವಲ್ತು" ಎನ್ನುವವರ ಕೈಚೀಲದಲ್ಲಿ ನೋವಿನ ಗುಳಿಗೆ ಇದೆಯೇ ಎಂದು ಈಗ ನಾನು ಮೊದಲು ಕೇಳುತ್ತೇನೆ. ಇನ್ನೊಂದು ಸಣ್ಣ ಸಂಗತಿ ಬಹಳ ಜನರಿಗೆ ಗೊತ್ತಿಲ್ಲ: ಹೃದಯಕ್ಕೆಂದು ಆಸ್ಪಿರಿನ್ ನುಂಗುವವರು ಅದಕ್ಕೆ ಮೊದಲು ಐಬುಪ್ರೊಫೆನ್ ನುಂಗಿದರೆ ಆಸ್ಪಿರಿನ್‌ನ ಕೆಲಸಕ್ಕೆ ಅದು ಅಡ್ಡ ನಿಲ್ಲುತ್ತದೆ.

ಹಾಗೆಂದು ನೋವು ನುಂಗಿಕೊಂಡು ಮೂಲೆಯಲ್ಲಿ ಕೂರಿ ಎಂದು ಹೇಳುವ ಜಾತಿ ನಾನಲ್ಲ. ನೋವಿದ್ದವರು ನಡೆಯುವುದಿಲ್ಲ, ನಡೆಯದ ಹೃದಯವೂ ಕೆಡುತ್ತದೆ. ನಾಲ್ಕು ದಿನ, ಡಾಕ್ಟರು ಹೇಳಿದ ಪ್ರಮಾಣದಲ್ಲಿ, ಬಿಪಿ ನೋಡಿಕೊಂಡು ತೆಗೆದುಕೊಳ್ಳುವುದು ಬೇರೆ. ದಿನಾ ಎರಡರಂತೆ ವರ್ಷಗಟ್ಟಲೆ ಬೇಕಾಗುತ್ತಿದೆ ಎಂದರೆ ಅದರರ್ಥ ಒಂದೇ, ರೋಗಕ್ಕೆ ಸರಿಯಾದ ಔಷಧ ಸಿಕ್ಕಿಲ್ಲ.

ಸ್ಟೀರಾಯ್ಡ್ ಕಥೆ ಇನ್ನೂ ಸೂಕ್ಷ್ಮ. ಪ್ರೆಡ್ನಿಸೊಲೋನ್ ನುಂಗಿದ ಎರಡನೆಯ ದಿನಕ್ಕೇ ಹೆಣ್ಣುಮಗಳು ರೊಟ್ಟಿ ಬಡಿಯುತ್ತಾಳೆ. ಪವಾಡವೇ ಅನಿಸುತ್ತದೆ. ಹೊಸ ಔಷಧ ಕೆಲಸ ಶುರು ಮಾಡುವ ತನಕ ಸೇತುವೆಯಂತೆ ಕೆಲವು ವಾರ ಅದನ್ನು ಬಳಸುವುದು ಸರಿಯಾದ ಪದ್ಧತಿಯೇ. ಸೇತುವೆಯ ಮೇಲೆ ಮನೆ ಕಟ್ಟಿಕೊಳ್ಳುವುದು ತಪ್ಪು. ದಿನವೂ, ವರ್ಷಗಟ್ಟಲೆ ಮುಂದುವರಿದರೆ ಬಿಪಿ, ಶುಗರ್, ಕೊಬ್ಬು ಮೂರೂ ಏರುತ್ತವೆ, ಎಲುಬು ಟೊಳ್ಳಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಹೆಸರಿಲ್ಲದ ಪೊಟ್ಟಣಗಳು. ಸಂತೆಯಲ್ಲೋ, ಅಮಾವಾಸ್ಯೆಗೆ ಔಷಧ ಕೊಡುವವರ ಹತ್ತಿರವೋ ತಂದ ಪುಡಿ ತಿಂದು ಮುಖ ಚಂದ್ರನಂತೆ ದುಂಡಗಾಗಿ ಬಂದವರನ್ನು ಕಂಡರೆ ಒಳಗೆ ಏನಿದೆ ಎಂದು ಊಹಿಸಲು ಲ್ಯಾಬ್ ಬೇಕಿಲ್ಲ. ಒಂದು ಎಚ್ಚರಿಕೆ: ಬಹಳ ದಿನದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ನಾಳೆಯೇ ನಿಲ್ಲಿಸಬೇಡಿ. ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ, ಒಮ್ಮೆಲೇ ನಿಂತರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಡಾಕ್ಟರ ಮಾತಿನಂತೆ ಮೆಲ್ಲಗೆ ಇಳಿಸಬೇಕು.

ಇನ್ನು ಮೆಥೋಟ್ರೆಕ್ಸೇಟ್. ಇದನ್ನು ತೆಗೆದುಕೊಳ್ಳುವ ರುಮಟಾಯ್ಡ್ ರೋಗಿಗಳಲ್ಲಿ ಹೃದಯ-ರಕ್ತನಾಳದ ಘಟನೆಗಳು ಸುಮಾರು ಕಾಲು ಭಾಗ ಕಡಿಮೆ ಎಂದು ಹಲವು ಅಧ್ಯಯನಗಳನ್ನು ಕೂಡಿಸಿದ ಲೆಕ್ಕಗಳು ಹೇಳುತ್ತವೆ. ಟಿಎನ್‌ಎಫ್ ತಡೆಯುವ ಇಂಜೆಕ್ಷನ್‌ಗಳಲ್ಲೂ ಹಾಗೆಯೇ. ಇದರಿಂದ ಉತ್ಸಾಹಗೊಂಡ ಸಂಶೋಧಕರು, ರುಮಟಾಯ್ಡ್ ಇಲ್ಲದ ಹೃದಯರೋಗಿಗಳಿಗೂ ಮೆಥೋಟ್ರೆಕ್ಸೇಟ್ ಕೊಟ್ಟು ನೋಡಿದರು. 2018-19ರಲ್ಲಿ ಫಲಿತಾಂಶ ಬಂದಾಗ ಏನೂ ಉಪಯೋಗ ಕಾಣಲಿಲ್ಲ. ಅವರ ಮೈಯಲ್ಲಿ ಆರಿಸಬೇಕಾದ ಆ ಮಟ್ಟದ ಉರಿಯೇ ಇರಲಿಲ್ಲ. ಅಂದರೆ ಅದು ಹೃದಯದ ಗುಳಿಗೆ ಅಲ್ಲ, ಉರಿ ಆರಿಸುವ ಗುಳಿಗೆ. ನನಗೆ ಅರ್ಥವಾದ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ: ಈ ರೋಗಿಗೆ ಕೀಲಿನ ಚಿಕಿತ್ಸೆ ಮತ್ತು ಹೃದಯದ ಚಿಕಿತ್ಸೆ ಎರಡಲ್ಲ. ನೋವು ಮುಚ್ಚುವುದಕ್ಕೂ ಉರಿ ಆರಿಸುವುದಕ್ಕೂ ಇರುವ ಅಂತರ ಗೆಣ್ಣಿನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ರಕ್ತನಾಳದಲ್ಲಿ ಗೊತ್ತಾಗುತ್ತದೆ.

ಈ ಗುಳಿಗೆ ವಾರಕ್ಕೊಮ್ಮೆ ಮಾತ್ರ. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಜೀವವೇ ಹೋಗಬಹುದು. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಗೀಚಿದ್ದನ್ನು ಮನೆಯಲ್ಲಿ ಯಾರೂ ಓದಲಾರರು ಎಂದುಕೊಂಡು ನಾನು ಪಟ್ಟಿಯ ಬೆನ್ನಿಗೆ ಮಾರ್ಕರ್‌ನಿಂದ ವಾರದ ಹೆಸರು ಬರೆದು, ಅದನ್ನು ಗಿರಾಕಿಯ ಬಾಯಿಂದ ಎರಡು ಸಲ ಹೇಳಿಸಿಯೇ ಕೊಡುತ್ತೇನೆ. ಲಿವರ್ ಮತ್ತು ರಕ್ತದ ಪರೀಕ್ಷೆ ಕಾಲಕಾಲಕ್ಕೆ ಬೇಕು, ಫೋಲಿಕ್ ಆಸಿಡ್ ಜೊತೆಗಿರಬೇಕು, ಬಸಿರಾಗುವ ಯೋಚನೆ ಇರುವವರು ಮೊದಲೇ ಡಾಕ್ಟರಿಗೆ ಹೇಳಬೇಕು.

ಇತ್ತೀಚೆಗೆ ಇದೇ ರೋಗಕ್ಕೆ ಟೋಫಾಸಿಟಿನಿಬ್ ಗುಳಿಗೆಯ ಚೀಟಿಗಳೂ ಬರುತ್ತಿವೆ. ಒಳ್ಳೆಯ ಔಷಧ. ಆದರೆ 50 ದಾಟಿದ, ಹೃದಯದ ಅಪಾಯದ ಇನ್ನೊಂದಾದರೂ ಕಾರಣ ಇದ್ದ ರೋಗಿಗಳ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೃದಯಾಘಾತ, ಲಕ್ವ ಮತ್ತು ಹೃದಯದ ಸಾವು ಈ ಗುಳಿಗೆಯವರಲ್ಲಿ 3.4 ಶೇಕಡಾ, ಟಿಎನ್‌ಎಫ್ ಇಂಜೆಕ್ಷನ್‌ನವರಲ್ಲಿ 2.5 ಶೇಕಡಾ ಇತ್ತು. ಹಳೆಯ ಅಟ್ಯಾಕ್ ಆಗಿದ್ದನ್ನು, ತಂಬಾಕಿನ ಚಟವನ್ನು ಕೀಲಿನ ಡಾಕ್ಟರ ಹತ್ತಿರ ಮುಚ್ಚಿಡಬಾರದು. ಹೃದಯದ ಪಂಪು ತೀರಾ ಸೋತಿದ್ದರೆ ಟಿಎನ್‌ಎಫ್ ಇಂಜೆಕ್ಷನ್ನೂ ಆಗಿಬರುವುದಿಲ್ಲ.

ತಂಬಾಕಿನ ಮಾತು ಬಂತಲ್ಲ. ಬೀಡಿ-ಸಿಗರೇಟು ಈ ರೋಗವನ್ನೂ ತರುತ್ತದೆ, ಹೃದಯವನ್ನೂ ಕೆಡಿಸುತ್ತದೆ, ಮೆಥೋಟ್ರೆಕ್ಸೇಟ್ ಕೆಲಸ ಮಾಡುವುದನ್ನೂ ತಗ್ಗಿಸುತ್ತದೆ. ಪಕ್ಕದ ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿನ ಸೀಮೆ. ಸೇದುವುದು ಗಂಡಸರ ಚಟ, ರೋಗ ಹೆಂಗಸರದ್ದು ಎಂದು ಕೈಬಿಡುವಂತಿಲ್ಲ. ಹುರಿದು ಪುಡಿ ಮಾಡಿದ ತಂಬಾಕು, ಮಿಶ್ರಿ, ಎಷ್ಟು ಮನೆಗಳ ಒಲೆಯ ಮಗ್ಗುಲಲ್ಲಿ ಇಲ್ಲ? "ಹಲ್ಲ ತಿಕ್ಕೂದಷ್ಟ ರೀ, ತಂಬಾಕ ತಿನ್ನೂದಿಲ್ಲ" ಎನ್ನುತ್ತಾರೆ. ಹೊಗೆಯಿಲ್ಲದ ತಂಬಾಕೂ ಹೃದಯಾಘಾತದ ಅಪಾಯ ಏರಿಸುತ್ತದೆ. ದೂಳಿನದ್ದು ಇನ್ನೊಂದು ಕಥೆ. ಕಲ್ಲು ಒಡೆಯುವ, ಕೊರೆಯುವ ಕೆಲಸದ ಸಿಲಿಕಾ ದೂಳಿಗೂ ರುಮಟಾಯ್ಡ್‌ಗೂ ನಂಟಿದೆ ಎಂದು ಸ್ವೀಡನ್ನಿನ ಅಧ್ಯಯನಗಳು ತೋರಿಸಿವೆ. ನಮ್ಮಲ್ಲಿ ಇಳಕಲ್ಲಿನ ಗ್ರಾನೈಟ್ ಕ್ವಾರಿಗಳಿವೆ. ಬಟ್ಟೆ ಗಿರಣಿಯ ದೂಳಿಗೂ ಅಂಥ ನಂಟು ಮಲೇಷ್ಯಾದ ಹೆಂಗಸರಲ್ಲಿ ಕಂಡಿದೆ. ರಬಕವಿ-ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನಲ್ಲಿ ಸಂಜೆ ಹೊತ್ತಿಗೆ ತಲೆಗೂದಲ ಮೇಲೆ ಹತ್ತಿಯ ಎಳೆ ಕೂತಿರುವವರನ್ನು ಕಂಡಾಗ ಆ ಅಧ್ಯಯನ ನೆನಪಾಗುತ್ತದೆ. ಇಲ್ಲಿ ಯಾರಾದರೂ ಅಳೆದು ನೋಡಬೇಕು.

ಕಾರ್ಡಿನಲ್ಲಿ ಒಂದು ಸಾಲು

ಕರ್ನಾಟಕದಲ್ಲಿ ಹೃದಯದ ಮಾತು ಈಚೆಗೆ ಜೋರಾಗಿದೆ. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ಪುನೀತ್ ರಾಜ್‌ಕುಮಾರ್ ಹೋದಾಗ, 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ, ಇಸಿಜಿ ಮಾಡಿಸಲು ಜನ ಸಾಲುಗಟ್ಟಿದರು. ಪುನೀತ್ ಹೆಸರಿನಲ್ಲೇ 2023ರಲ್ಲಿ ಬಂದ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುತ್ತಾರೆ. ಬಹಳ ಒಳ್ಳೆಯ ಕೆಲಸ. ಆದರೆ ಆ ಸೂಜಿ ಫಲ ಕೊಡಬೇಕಾದರೆ ನೋವು ಶುರುವಾದ ಮೊದಲ ತಾಸುಗಳಲ್ಲೇ ಹೋಗಬೇಕು, ಹೆಚ್ಚೆಂದರೆ 12 ತಾಸು. ಭುಜನೋವಿನ ಹೆಂಗಸು ಮೂರನೆಯ ದಿನ ಬರುತ್ತಾಳೆ.

ಬಿಪಿ-ಶುಗರ್ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಇದೆ; 30 ದಾಟಿದವರನ್ನೆಲ್ಲ ನೋಡಬೇಕು ಎನ್ನುವುದು ಅದರ ನಿಯಮ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತಂಬಾಕು, ಸೊಂಟದ ಸುತ್ತಳತೆ, ಮನೆತನದ ಕಾಯಿಲೆ ಕೇಳಿ ಬರೆದುಕೊಳ್ಳುತ್ತಾರೆ. "ಮುಂಜಾನೆ ಕೈ ಬಿಗೀತೈತೇನು, ಒಂದ ತಾಸಿನ ಮ್ಯಾಲೆ?" ಎಂಬ ಪ್ರಶ್ನೆ ಅಲ್ಲಿ ಮುಖ್ಯವಾಗಬೇಕು, ಹೌದೆಂದವರ ಕಾರ್ಡಿನಲ್ಲಿ ಅದನ್ನು ಹೃದಯದ ಲೆಕ್ಕಕ್ಕೆ ಹಿಡಿಯಬೇಕು ಎನ್ನುವುದು ನನ್ನ ಅಭಿಪ್ರಾಯ. ಯಂತ್ರ ಬೇಕಿಲ್ಲ, ಹೊಸ ಇಲಾಖೆ ಬೇಕಿಲ್ಲ. ಸಂಧಿವಾತ ತಜ್ಞರು ದೊಡ್ಡ ಊರುಗಳಲ್ಲೇ ಇದ್ದಾರೆ. ಅವರ ತನಕ ಹೋಗುವ ಮೊದಲೇ ಬಿಪಿ, ಲಿಪಿಡ್, ಶುಗರ್ ನೋಡಲು ತಾಲ್ಲೂಕಿನ ಡಾಕ್ಟರು ಸಾಕು.

ರೋಗಿಗಳು ಯಾಕೆ ಚಿಕಿತ್ಸೆ ಬಿಡುತ್ತಾರೆ ಎನ್ನುವುದಕ್ಕೆ ಗುಳಿಗೆಯ ಬೆಲೆ ಕಾರಣವಲ್ಲ, ಮೆಥೋಟ್ರೆಕ್ಸೇಟ್ ಅಗ್ಗ, ಸ್ಟ್ಯಾಟಿನ್ ಜನೌಷಧಿಯಲ್ಲಿ ಇನ್ನೂ ಅಗ್ಗ. ದುಬಾರಿಯಾಗುವುದು ರಕ್ತ ಪರೀಕ್ಷೆ ಮತ್ತು ಕಳೆದುಹೋಗುವ ದಿನ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಬಸ್ ಚಾರ್ಜು ಉಳಿದಿದೆ; ಜೊತೆಗೆ ಬರುವ ಮಗನ ಚಾರ್ಜೂ ಉಳಿದಿಲ್ಲ, ಅವನ ಮಗ್ಗದ ಕೂಲಿಯೂ ಉಳಿದಿಲ್ಲ.

ಆ ತಾಯಿ ಈಗಲೂ ಬರುತ್ತಾರೆ. ಮೆಥೋಟ್ರೆಕ್ಸೇಟ್ ಶುರುವಾಗಿ ಒಂದೂವರೆ ವರ್ಷ ಆಯಿತು. ಗೆಣ್ಣಿನ ಬಾವು ಇಳಿದಿದೆ, ವಾಲಿದ ಬೆರಳು ವಾಲಿಯೇ ಇವೆ. ಕೊಲೆಸ್ಟರಾಲ್ 196ಕ್ಕೆ ಏರಿದ ರಿಪೋರ್ಟು ಹಿಡಿದು ಮಗ ಗಾಬರಿಯಾಗಿ ಬಂದಾಗ ಈ ಸಲ ನನಗೆ ಉತ್ತರ ಗೊತ್ತಿತ್ತು. ಡಾಕ್ಟರು ಸ್ಟ್ಯಾಟಿನ್ ಪ್ರಮಾಣ ಏರಿಸಿದರು. ಕೌಂಟರಿನ ಮೇಲೆ ಬಿಪಿ ಯಂತ್ರ ಇಟ್ಟಿದ್ದೇನೆ. ಮೊನ್ನೆ ಬಂದವರು ಮೊದಲು ಅದರ ಪಟ್ಟಿಗೆ ಕೈ ಚಾಚಿದರು, ಆಮೇಲೆ ಸೆರಗು. ಗಂಟು ಬಿಚ್ಚಿದೆ. ಒಳಗೆ ನೋಟು, ಮತ್ತು ನಾನೇ ಬರೆದ "ಐತವಾರ" ಅರ್ಧ ಅಳಿಸಿದ್ದ ಖಾಲಿ ಪಟ್ಟಿ.